ಚೆಂಡು ಕಳೆದುಕೊಂಡ ಮೇಲೆ

ರೈಸ್‌ವೈಕ್
13 ಅಕ್ಟೋಬರ್ 2024

ಕಿಟ್ಟಣ್ಣನವರಿಗೆ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿ ಕನ್ನಡಕ ಒರೆಸಿಕೊಂಡಿರುತ್ತೀರಿ. ಹೌದು, ಅದೇ ವಾರಿಜಾ. ನಿಮ್ಮ ಬೀಡಿ ಬ್ರಾಂಚಿನ ಮೇಜಿನ ಮುಂದೆ ಇಪ್ಪತ್ತೆರಡು ವರ್ಷ, ಕಟ್ಟಿದ ಬೀಡಿ ತೋರಿಸಲು ಗೆರಸೆ ಹಿಡಿದು ನಿಂತವಳು. ನೀವು ಇದ್ದೀರಾ ಹೋದಿರಾ ಎಂದು ತಂಗಿಯ ಹತ್ತಿರ ಕೇಳಿದೆ. ಇದ್ದಾರೆ, ಕಿವಿ ಮಾತ್ರ ಹೋಗಿದೆ ಎಂದಳು. ಬೀಡಿ ಕಟ್ಟುವ ಹೆಂಗಸರ ಬೈಗುಳ ಕೇಳಿ ಕೇಳಿ ಹೋಗಿರಬೇಕು. ಫೋನಿನಲ್ಲಿ ಕಿರುಚುವುದಕ್ಕಿಂತ ಬರೆಯುವುದೇ ವಾಸಿ ಎಂದು ಕುಳಿತಿದ್ದೇನೆ. ಮೂರನೇ ಕ್ಲಾಸಿನ ಅಕ್ಷರ, ಸಹಿಸಿಕೊಳ್ಳಿ.

ನಾನು ಹಾಲೆಂಡಿನಲ್ಲಿ ಮಗಳು ಹರಿಣಾಕ್ಷಿಯ ಮನೆಯಲ್ಲಿದ್ದೇನೆ. ಆರು ವರ್ಷವಾಯಿತು. ಹರಿಣಾಕ್ಷಿಯ ನೆನಪಿರಬಹುದು, ಬೀಡಿ ಎಲೆ ಕತ್ತರಿಸುತ್ತಾ ಪಾಠ ಓದುತ್ತಿದ್ದವಳು. ಅಳಿಯ ದಿವಾಕರ, ಮಾತು ಕಡಿಮೆ, ಊಟ ಜಾಸ್ತಿ. ಮೊಮ್ಮಗ ಪ್ರತೀಕನಿಗೆ ಹದಿನೈದು. ಮೊಮ್ಮಗಳು ಸಂಪ್ರೀತಾ, ಬರುವ ಡಿಸೆಂಬರಿಗೆ ಹನ್ನೊಂದು ತುಂಬುತ್ತದೆ. ಈ ಕಾಗದ ಬರೆಯುತ್ತಿರುವುದು ಅವಳಿಗಾಗಿ.

ಹುಡುಗಿ ಫುಟ್‌ಬಾಲ್ ಆಡುತ್ತಾಳೆ. ಮನೆ ಹತ್ತಿರದ ಸಣ್ಣ ಕ್ಲಬ್ಬು, ಗಂಡುಮಕ್ಕಳ ಜೊತೆಗೇ ಆಟ. ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು, ಅದರೊಳಗೆ ಎಳ್ಳಿನಂಥ ಕಪ್ಪು ರಬ್ಬರ್ ಕಾಳು. ಶನಿವಾರ ಆಟ ಮುಗಿಸಿ ಬಂದು ಕಾಲುಚೀಲ ಕೊಡವಿದರೆ ನನ್ನ ಬಚ್ಚಲ ತುಂಬಾ ತರ್ಪಣ ಬಿಟ್ಟ ಹಾಗೆ. ಗುಡಿಸುವವಳು ನಾನು.

ಇಲ್ಲಿ ಒಂದು ಪದ್ಧತಿ ಉಂಟು. ದೊಡ್ಡ ಕ್ಲಬ್ಬಿನವರು ಸಣ್ಣ ಕ್ಲಬ್ಬುಗಳಿಗೆ ಜನ ಕಳುಹಿಸುತ್ತಾರೆ, ಮಕ್ಕಳನ್ನು ಆರಿಸಿ ತರಲು. ಸ್ಕೌಟ್ ಎನ್ನುತ್ತಾರೆ. ಅವರು ಯಾರೆಂದು ಹೇಳಿಕೊಳ್ಳುವುದಿಲ್ಲ. ಅಪ್ಪಂದಿರ ನಡುವೆ ಒಬ್ಬರಾಗಿ ನಿಂತು ನೋಡಿ ಹೋಗುತ್ತಾರೆ. ಅವರು ಬರೆದುಕೊಟ್ಟ ಮಕ್ಕಳನ್ನು ದೊಡ್ಡ ಕ್ಲಬ್ಬಿನ ಕೋಚ್‌ಗಳು ಕರೆಸಿ ಪರೀಕ್ಷೆ ಮಾಡುತ್ತಾರೆ. ಆಮೇಲೆ ಇಬ್ಬರೂ ಕೂತು ಹದಿನಾರು ಮಕ್ಕಳನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳುಹಿಸುತ್ತಾರೆ. ನಮ್ಮ ಹುಡುಗಿಗೆ ಅಲ್ಲಿಗೆ ಸೇರುವುದೇ ಉಸಿರು.

ನಿನ್ನೆ ನನ್ನ ಪಕ್ಕದಲ್ಲಿ ಬೂದಿ ಬಣ್ಣದ ಟೊಪ್ಪಿ ಹಾಕಿದ ಒಬ್ಬ ಮುದುಕ ನಿಂತಿದ್ದ. ನಿಮ್ಮ ಪ್ರಾಯ ಇರಬಹುದು, ಬೆನ್ನು ಮಾತ್ರ ನೆಟ್ಟಗೆ. ಏಳನೇ ನಂಬರಿನವಳು ನಿಮ್ಮ ಮೊಮ್ಮಗಳಾ ಎಂದು ಪ್ರತೀಕನ ಮೂಲಕ ಕೇಳಿದ. ಚೆನ್ನಾಗಿ ಆಡುತ್ತಾಳೆ ಎಂದೂ ಹೇಳಿದ. ಗುರುತಿಲ್ಲದವನು ಮಗುವನ್ನು ಹೊಗಳಿದರೆ ನಾವು ಏನು ಮಾಡುತ್ತೇವೆ, ಕಿಟ್ಟಣ್ಣ? ದೃಷ್ಟಿ ತಾಗದಿರಲಿ ಎಂದು ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಇವಳಾ? ಇವಳಿಗೆ ಎರಡೂ ಕಾಲು ಎಡಗಾಲೇ. ತಿನ್ನಲು ಸೋಮಾರಿ, ಏಳಲು ಸೋಮಾರಿ. ಹೇಳಿದ್ದು ಒಂದೂ ಕೇಳುವುದಿಲ್ಲ. ಇವತ್ತು ಏನೋ ಓಡ್ತಾ ಇದ್ದಾಳೆ, ನಾಳೆ ಚಾಪೆ ಬಿಟ್ಟು ಏಳುವುದಿಲ್ಲ."

ಪ್ರತೀಕ ಒಂದಕ್ಷರ ಬಿಡದೆ ಡಚ್ಚಿನಲ್ಲಿ ಹೇಳಿದ. ಮುದುಕ ತಲೆ ಆಡಿಸಿ, ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡ. ಅವನು ಹೋದ ಮೇಲೆ ಇನ್ನೊಬ್ಬ ಹುಡುಗನ ತಾಯಿ ಓಡಿ ಬಂದು ಹೇಳಿದಳು, ಅವನೇ ಸ್ಕೌಟ್, ಹೆಸರು ಕೋಸ್ ಎಂದು.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಪ್ರತೀಕನಿಗೆ ಮಾತ್ರ ಗೊತ್ತು, ಅವನಿಗೆ ನಗು. ನಾನು ರಾತ್ರಿಯೇ ಕಾಗದ ಪೆನ್ನು ಹುಡುಕಿಟ್ಟೆ.

ನೀವು ಮೂವತ್ತು ವರ್ಷ ಮೇಜಿನ ಆ ಬದಿಯಲ್ಲಿ ಕೂತವರು. ಇದು ಇರಲಿ, ಅದು ಬೇಡ ಎಂದು ಬೆರಳಲ್ಲಿ ಒತ್ತಿ ಹೇಳಿದವರು. ನಿಮ್ಮನ್ನು ಬಿಟ್ಟು ಇದನ್ನು ಯಾರ ಹತ್ತಿರ ಕೇಳಲಿ? ಪಕ್ಕದಲ್ಲಿ ನಿಂತವರು ಆಡಿದ ಮಾತಿಗೆ ನೀವು ಯಾವತ್ತಾದರೂ ಒಳ್ಳೆಯ ಬೀಡಿಯನ್ನು ತೆಗೆದು ಹಾಕಿದ್ದುಂಟಾ? ನಿಜ ಬರೆಯಿರಿ. ನಿಮ್ಮ ಹತ್ತಿರ ಕೇಳಲು ಬೇರೆಯೂ ಒಂದು ಉಂಟು, ಅದು ಈಗ ಬೇಡ.

ಇಂತಿ, ನಿಮ್ಮ ಮೇಜಿನ ಮುಂದಿನ
ವಾರಿಜಾ


ಕಿನ್ನಿಗೋಳಿ
4 ನವೆಂಬರ್ 2024

ವಾರಿಜಾ,

ಕಾಗದ ಮುಟ್ಟಿತು. ಬ್ರಾಂಚು ಈಗ ಮೊಬೈಲ್ ಅಂಗಡಿಯಾಗಿದೆ. ನನ್ನ ಮೇಜು ಅವರು ಬಿಸಾಡಲು ಹೊರಟಿದ್ದರು, ಮನೆಗೆ ತಂದಿದ್ದೇನೆ. ಅದರ ಮೇಲೆಯೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ. ನಾನು ಮೊದಲು ಬೀಡಿಯನ್ನು ನೋಡುತ್ತಿರಲಿಲ್ಲ. ಗೆರಸೆ ಇಡುವ ಕೈಯನ್ನು ನೋಡುತ್ತಿದ್ದೆ. ಮೇಲಿನ ಕಟ್ಟುಗಳನ್ನು ತುಂಬಾ ಚಂದ ಮಾಡಿ ಜೋಡಿಸಿ ತಂದವರ ಗೆರಸೆಯಲ್ಲಿ ಅಡಿಯಿಂದ ಒಂದು ಕಟ್ಟು ಎಳೆಯುತ್ತಿದ್ದೆ. ಮಳೆಗಾಲದಲ್ಲಿ ತಂದ ಬೀಡಿ ಒತ್ತಿದರೆ ಮೆತ್ತಗಿರುತ್ತದೆ. ತಿಳಿಯದ ಚೆಕ್ಕರ್ ಅದನ್ನು ಎಸೆಯುತ್ತಾನೆ. ತಿಳಿದವನು, ಇದು ಯಾವಾಗ ಕಟ್ಟಿದ್ದು ಎಂದು ಮೊದಲು ಕೇಳುತ್ತಾನೆ. ಬಿಸಿಲು ಬಂದ ಮೇಲೆ ಅದೇ ಬೀಡಿ ಗಟ್ಟಿಯಾಗುತ್ತದೆ.

ಪಕ್ಕದವರ ಮಾತು ಕೇಳಿ ಬೀಡಿ ತೆಗೆದಿಲ್ಲ. ಮಾತು ಕಿವಿಗೆ ಬೀಳುತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆ ಮುದುಕ ಏನು ಬರೆದುಕೊಂಡ ಎಂದು ನನಗೆ ಇಲ್ಲಿಂದ ಹೇಗೆ ಗೊತ್ತಾಗಬೇಕು?

ನಿನ್ನ ಬೇರೆ ಪ್ರಶ್ನೆ ಯಾವುದೆಂದು ತಿಳಿಯಲಿಲ್ಲ.

ಕೃಷ್ಣಪ್ಪ (ಕಿಟ್ಟಣ್ಣ)


ರೈಸ್‌ವೈಕ್
26 ಜನವರಿ 2025

ಕಿಟ್ಟಣ್ಣನವರಿಗೆ,

ಪ್ರಶ್ನೆ ಯಾವುದೆಂದು ನಿಮಗೆ ತಿಳಿದಿದೆ. ನಿಮ್ಮ ಅಕ್ಷರ ಆ ಸಾಲಿನಲ್ಲಿ ಮಾತ್ರ ಸೊಟ್ಟಗಾಗಿದೆ.

ಇರಲಿ, ಮೊದಲು ಒಳ್ಳೆಯದು. ಡಿಸೆಂಬರಿನಲ್ಲಿ, ಹುಡುಗಿಯ ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲು, ದೊಡ್ಡ ಕ್ಲಬ್ಬಿನಿಂದ ಮೇಲ್ ಬಂತು. ಜನವರಿಯಿಂದ ಆರು ಬುಧವಾರ ತರಬೇತಿಗೆ ಬರಬೇಕು, ನೋಡುತ್ತೇವೆ ಎಂದು. ನಾನು ದೇವರ ಮುಂದೆ ದೀಪ ಹಚ್ಚಿ ಒಂದು ಗಂಟೆ ಅಲ್ಲೇ ಕೂತಿದ್ದೆ. ಹರಿಣಾಕ್ಷಿಗೆ ಅನುಮಾನ ಬಂತು, ಅಮ್ಮನಿಗೆ ಇಷ್ಟು ಭಕ್ತಿ ಎಲ್ಲಿಂದ ಬಂತೆಂದು. ಪ್ರತೀಕ ಬಾಯಿ ಬಿಟ್ಟ. ಅವಳು ಬೈಯಲಿಲ್ಲ. ಚಪಾತಿ ಒತ್ತುತ್ತಾ ಹೇಳಿದಳು, "ಅಮ್ಮ, ಇಲ್ಲಿಯವರು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬ್ತಾರೆ. ನೀವು ಸೋಮಾರಿ ಅಂದ್ರೆ ಸೋಮಾರಿ ಅಂತಲೇ ಬರೀತಾರೆ." ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ತರಬೇತಿಗೆ ನಲವತ್ತು ಹುಡುಗಿಯರು ಬಂದಿದ್ದಾರೆ. ಕೋಚ್ ಮರಿಟ್ ಎಂಬವಳು, ಮೂವತ್ತರ ಹೆಣ್ಣು, ಕೂದಲು ಬಿಗಿದು ಕಟ್ಟಿ, ನಿಂತರೆ ಕಂಬ. ಕೆಟ್ಟವಳಲ್ಲ. ಆದರೆ ಅವಳ ಕಣ್ಣು ಬರುವ ಶನಿವಾರದ ಆಟದ ಮೇಲೆ. ಆ ಕೋಸ್ ಮುದುಕನ ಕಣ್ಣು ಇನ್ನು ಐದು ವರ್ಷದ ಮೇಲೆ. ಒಬ್ಬಳಿಗೆ ಈಗ ಓಡುವ ಕಾಲು ಬೇಕು, ಇನ್ನೊಬ್ಬನಿಗೆ ಮುಂದೆ ಬೆಳೆಯುವ ಕಾಲು. ಇಬ್ಬರೂ ಮೈದಾನದ ಎರಡು ತುದಿಯಲ್ಲಿ ನಿಂತು ನೋಡುತ್ತಾರೆ. ನಮ್ಮೂರಲ್ಲಿ ಮದುವೆಗೆ ಹೆಣ್ಣು ನೋಡಲು ಅತ್ತೆ ಮಾವ ಬೇರೆ ಬೇರೆ ಬಾಗಿಲಲ್ಲಿ ನಿಂತ ಹಾಗೆ.

ಮೊದಲ ಬುಧವಾರ ಎಲ್ಲರ ಎತ್ತರ ಅಳೆದರು. ಆಮೇಲೆ ಅಪ್ಪ ಅಮ್ಮನ ಎತ್ತರವನ್ನೂ ಕೇಳಿ ಬರೆದುಕೊಂಡರು. ಮಗು ದೊಡ್ಡದಾದರೆ ಎಷ್ಟು ಉದ್ದ ಆಗುತ್ತದೆ ಎಂದು ಅದರಿಂದ ಲೆಕ್ಕ ಹಾಕುತ್ತಾರಂತೆ. ದಿವಾಕರ ಇಪ್ಪತ್ತು ವರ್ಷದಲ್ಲಿ ಆಡಿದ ಮೊದಲ ಸುಳ್ಳು ಅದು, ಮೂರು ಸೆಂಟಿಮೀಟರ್ ಜಾಸ್ತಿ ಹೇಳಿದ. ಹೇಳುವಾಗ ಹಿಮ್ಮಡಿ ಎತ್ತಿ ನಿಂತಿದ್ದ. ಬರುವ ದಾರಿಯಲ್ಲಿ ಟ್ರ್ಯಾಮಿನಲ್ಲಿ ಯಾರ ಮುಖವನ್ನೂ ನೋಡಲಿಲ್ಲ.

ಸಂಪ್ರೀತಾ ಅಲ್ಲಿ ಎಲ್ಲರಿಗಿಂತ ಗಿಡ್ಡ. ಒಂದೇ ವರ್ಷ ಹುಟ್ಟಿದವರು ಒಂದೇ ಗುಂಪು ಎಂಬುದು ಇಲ್ಲಿಯ ನಿಯಮ. ಜನವರಿಯ ಮಗುವೂ ಅದೇ ಗುಂಪು, ಡಿಸೆಂಬರಿನ ಮಗುವೂ ಅದೇ ಗುಂಪು. ನೋಡಿದರೆ ಅಕ್ಕ ತಂಗಿಯರ ಹಾಗೆ ಕಾಣುತ್ತಾರೆ. ನಿಮ್ಮ ಮಳೆಗಾಲದ ಬೀಡಿಯ ಮಾತು ನೆನಪಾಯಿತು.

ನಾನು ಬುಧವಾರಗಳಲ್ಲಿ ತುಟಿ ಹೊಲಿದುಕೊಂಡು ನಿಲ್ಲುತ್ತೇನೆ. ಉಪವಾಸ ಮಾಡಿದ್ದುಂಟು, ಇದು ಅದಕ್ಕಿಂತ ಕಷ್ಟ. ಸುತ್ತಲೂ ಅಪ್ಪಂದಿರು ಕೂಗುತ್ತಾರೆ, ಒದೆ, ಓಡು, ಆ ಕಡೆ ನೋಡು. ಒಬ್ಬನಂತೂ ತನ್ನ ಮಗಳು ಮುಟ್ಟಿದ ಚೆಂಡಿಗೆಲ್ಲ ಚಪ್ಪಾಳೆ ತಟ್ಟುತ್ತಾನೆ. ನಾನು ಒಬ್ಬಳು ಕೋಟು ಹಾಕಿದ ಕಲ್ಲಿನ ಹಾಗೆ. ಕೋಸ್ ದೂರದಿಂದ ಟೊಪ್ಪಿ ಎತ್ತುತ್ತಾನೆ, ನಾನು ಮುಖ ತಿರುಗಿಸುತ್ತೇನೆ.

ಈಗ ಆ ಪ್ರಶ್ನೆ. ನನ್ನ ಗಂಡ ಮಂಗಳೂರಿನ ಆಸ್ಪತ್ರೆಯಲ್ಲಿದ್ದ ವರ್ಷ, ಶ್ರಾವಣ ಮಾಸ, ಗುರುವಾರ. ಅಷ್ಟು ಜನ ಹೆಂಗಸರ ಮುಂದೆ ನೀವು ನನ್ನ ಎರಡು ಕಟ್ಟು ಬಿಚ್ಚಿ, ಬೀಡಿ ಮುರಿದು ಬುಟ್ಟಿಗೆ ಹಾಕಿದಿರಿ. ಯಾಕೆ ಎಂದು ಹೇಳಲಿಲ್ಲ. ಯಾಕೆ?

ವಾರಿಜಾ


ರೈಸ್‌ವೈಕ್
9 ಮಾರ್ಚ್ 2025

ಕಿಟ್ಟಣ್ಣನವರಿಗೆ,

ಆರು ವಾರ ಕಾದೆ. ನಿಮ್ಮಿಂದ ಕಾಗದವಿಲ್ಲ. ತಂಗಿ ಹೇಳಿದಳು, ದಿನಾ ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತೀರಂತೆ. ಕಾಲು ಸರಿ ಉಂಟು, ಕೈಯೂ ಸರಿ ಇರಬೇಕು.

ಇಲ್ಲಿ ಹದಿನೈದು ಹುಡುಗಿಯರ ಹೆಸರು ಗೊತ್ತಾಯಿತು. ನಮ್ಮವಳದು ಇಲ್ಲ. ತೆಗೆದೂ ಹಾಕಿಲ್ಲ. ಹದಿನಾರನೆಯ ಜಾಗಕ್ಕೆ ಇಬ್ಬರನ್ನು ಇಟ್ಟಿದ್ದಾರೆ. ಒಬ್ಬಳು ಇವಳು. ಇನ್ನೊಬ್ಬಳು ಜನವರಿಯಲ್ಲಿ ಹುಟ್ಟಿದ, ಇವಳಿಗಿಂತ ಒಂದು ಗೇಣು ಉದ್ದದ ಹುಡುಗಿ, ಆ ಚಪ್ಪಾಳೆ ತಟ್ಟುವವನ ಮಗಳು. ಮರಿಟ್ ದಿವಾಕರನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳಂತೆ. ಕೋಚ್‌ಗಳಿಗೆ ಉದ್ದದವಳು ಬೇಕು, ಸ್ಕೌಟ್‌ಗೆ ನಿಮ್ಮವಳು ಬೇಕು, ನಾವು ಒಪ್ಪುತ್ತಿಲ್ಲ ಎಂದು. ಇಬ್ಬರನ್ನೂ ಅವರವರ ಸಣ್ಣ ಕ್ಲಬ್ಬಿನ ಆಟದಲ್ಲಿ ಇನ್ನೂ ಎರಡು ತಿಂಗಳು ನೋಡಿ, ಮೇ ತಿಂಗಳಲ್ಲಿ ಕೂತು ತೀರ್ಮಾನ ಮಾಡುತ್ತಾರೆ. ಮನೆಯ ವಾತಾವರಣ, ಮಗುವಿನ ಶಿಸ್ತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಂತೆ.

ಮನೆಯ ವಾತಾವರಣ ಎಂದರೆ ನಾನು, ಕಿಟ್ಟಣ್ಣ. ಅಕ್ಟೋಬರಿನಲ್ಲಿ ನಾನೇ ಹೇಳಿ ಬರೆಸಿದ್ದೇನೆ. ಸೋಮಾರಿ, ಮಾತು ಕೇಳುವುದಿಲ್ಲ. ಆ ಸಣ್ಣ ಪುಸ್ತಕ ಮೇ ತಿಂಗಳಲ್ಲಿ ಮೇಜಿನ ಮೇಲೆ ಬರುತ್ತದೆ. ಅವಳ ಪರ ನಿಂತವನ ಕೈಯಲ್ಲೇ ಅವಳ ದೂರು ಉಂಟು, ಕೊಟ್ಟವಳು ಅವಳ ಅಜ್ಜಿ.

ಈ ಸುದ್ದಿಯ ಮೇಲ್ ಬಂದ ದಿನ ಸಂಪ್ರೀತಾ ಅಳಲಿಲ್ಲ. ಸೈಕಲ್ ಇಡುವ ಶೆಡ್ಡಿಗೆ ಹೋಗಿ ಗೋಡೆಗೆ ಚೆಂಡು ಒದೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಒಂದು ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದೆ, ಬಂದದ್ದು "ಗೋಡೆ ಕೊಳೆ ಮಾಡಬೇಡ" ಎಂದು. ಅವಳು ಸರಿ ಅಜ್ಜಿ ಎಂದು ಚೆಂಡು ಎತ್ತಿಕೊಂಡು ಒಳಗೆ ಹೋದಳು.

ಇಪ್ಪತ್ತೆಂಟು ವರ್ಷ ನಾನು ಅಂದುಕೊಂಡದ್ದು ಏನು ಗೊತ್ತಾ? ಆ ವಾರ ನನ್ನ ಬೆರಳು ನಡುಗಿತು, ನನ್ನ ಬೀಡಿ ಕೆಟ್ಟಿತ್ತು ಎಂದು. ಆಸ್ಪತ್ರೆಯಲ್ಲಿ ಗಂಡನ ಕೈ ಹಿಡಿದಾಗಲೆಲ್ಲ ನನ್ನ ಬೆರಳು ನೋಡಿಕೊಳ್ಳುತ್ತಿದ್ದೆ. ತೆಗೆದು ಹಾಕಿದವರು ಮರೆತುಬಿಡುತ್ತಾರೆ. ತೆಗೆಸಿಕೊಂಡವರು ಕಾರಣ ಹುಡುಕುತ್ತಲೇ ಇರುತ್ತಾರೆ. ಈ ಮಗುವೂ ಹುಡುಕುತ್ತಾ ಕೂರುವುದು ನನಗೆ ಬೇಡ.

ಉತ್ತರ ಬರೆಯುವುದಾದರೆ ಬರೆಯಿರಿ. ಇಲ್ಲದಿದ್ದರೆ ಆ ಮೇಜನ್ನು ಒಲೆಗೆ ಹಾಕಿ.

ವಾರಿಜಾ


ಕಿನ್ನಿಗೋಳಿ
24 ಮಾರ್ಚ್ 2025

ವಾರಿಜಾ,

ಮರೆತಿಲ್ಲ.

ಆ ಸಮಯ ಮಂಗಳೂರಿನಿಂದ ಸೂಪರ್‌ವೈಸರ್ ಬಂದು ನನ್ನ ಹಿಂದೆ ಕೂರುತ್ತಿದ್ದ. ಬೀಡಿ ಒಳ್ಳೆಯದಿರಲಿ ಕೆಟ್ಟದಿರಲಿ, ದಿನಕ್ಕೆ ಇಂತಿಷ್ಟು ಕಟ್ಟು ತೆಗೆದು ಹಾಕಲೇಬೇಕು ಎಂದು ಹೇಳಿದ್ದ. ಇಲ್ಲದಿದ್ದರೆ ಚೆಕ್ಕರ್ ಹೆಂಗಸರ ಜೊತೆ ಸೇರಿಕೊಂಡಿದ್ದಾನೆ ಎಂದು ಅರ್ಥವಂತೆ. ಆ ಗುರುವಾರ ಸಂಜೆ ಆ ಲೆಕ್ಕಕ್ಕೆ ಎರಡು ಕಟ್ಟು ಕಡಿಮೆ ಇತ್ತು. ಲೆಕ್ಕ ಮುಗಿದ ಹೆಂಗಸರು ಇನ್ನೂ ಅಲ್ಲೇ ಬದಿಯಲ್ಲಿದ್ದರು, ಸಾಲಿನಲ್ಲಿ ಉಳಿದವರು ನೀವು ಮೂವರು. ಒಬ್ಬಳು ತುಂಬು ಬಸುರಿ. ಒಬ್ಬಳು ಆಗಲೇ ಅಳುತ್ತಿದ್ದಳು. ನೀನು ಮಾತ್ರ ನನ್ನ ಮುಖ ನೋಡುತ್ತಾ ನಿಂತಿದ್ದೆ. ಇವಳಿಗೆ ಬಾಯಿ ಉಂಟು, ಇವಳು ನನ್ನನ್ನು ನಾಲ್ಕು ಬೈದು ತಡೆದುಕೊಳ್ಳುತ್ತಾಳೆ ಎಂದು ನಿನ್ನ ಗೆರಸೆಗೆ ಕೈ ಹಾಕಿದೆ.

ನಿನ್ನ ಗಂಡ ಆಸ್ಪತ್ರೆಯಲ್ಲಿದ್ದದ್ದು ನನಗೆ ಮಾರನೆಯ ದಿನ ತಿಳಿಯಿತು.

ನಿನ್ನ ಬೀಡಿಯಲ್ಲಿ ದೋಷ ಇರಲಿಲ್ಲ. ಇಡೀ ಬ್ರಾಂಚಿನಲ್ಲಿ ನಿನ್ನಷ್ಟು ಸಮವಾಗಿ ಕಟ್ಟುವವರು ಇರಲಿಲ್ಲ. ಮುರಿಯುವಾಗ ನನ್ನ ಕೈಗೆ ಗೊತ್ತಾಗಿತ್ತು.

ನೀನು ಆ ದಿನ ಬೈಯಲಿಲ್ಲ. ಖಾಲಿ ಗೆರಸೆ ಎತ್ತಿಕೊಂಡು ಹೋದೆ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ.

ಈಗ ನನ್ನ ಮಾತು ಕೇಳು. ಆರಿಸುವವನೂ ಮನುಷ್ಯ. ಅವನ ಹಿಂದೆಯೂ ಯಾರೋ ಕೂತಿರುತ್ತಾರೆ. ಆ ಟೊಪ್ಪಿಯ ಮುದುಕನ ಹತ್ತಿರ ಹೋಗಿ ನೇರವಾಗಿ ಕೇಳು. ನೀನು ಆ ಗುರುವಾರವೇ ಕೇಳಿದ್ದರೆ ನಾನು ಅಲ್ಲೇ ಹೇಳುತ್ತಿದ್ದೆ. ಹೇಳುತ್ತಿದ್ದೆ ಎಂದು ಅಂದುಕೊಳ್ಳುತ್ತೇನೆ.

ಕಿಟ್ಟಣ್ಣ


ರೈಸ್‌ವೈಕ್
13 ಏಪ್ರಿಲ್ 2025

ಕಿಟ್ಟಣ್ಣನವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಯಾರ ಹತ್ತಿರವೂ ಜಗಳ ಮಾಡಲಿಲ್ಲ. ಹರಿಣಾಕ್ಷಿ ಜ್ವರ ನೋಡಲು ಹಣೆ ಮುಟ್ಟಿದಳು. ಮೂರನೆಯ ದಿನ ಬೆರಳು ಮಡಚಿ ಬಿಡಿಸಿ ನೋಡಿಕೊಂಡೆ. ಗಂಟು ಬಿದ್ದಿವೆ, ಪ್ರಾಯ ಆಯಿತಲ್ಲ. ಆದರೆ ಅವು ನಡುಗಿರಲಿಲ್ಲ. ಅಷ್ಟು ಗೊತ್ತಾಗಲು ಇಷ್ಟು ವರ್ಷ. ನಿಮ್ಮನ್ನು ಬೈಯುವುದು ಬಾಕಿ ಉಂಟು, ಕೊನೆಗೆ ಬೈಯುತ್ತೇನೆ.

ನಿನ್ನೆ ಶನಿವಾರ ಕೋಸ್ ಬಂದಿದ್ದ. ಆಟ ಮುಗಿದ ಮೇಲೆ ಕ್ಯಾಂಟೀನಿನ ಹೊರಗೆ ಬೆಂಚಿನಲ್ಲಿ ಕಾಫಿ ಹಿಡಿದು ಕೂತಿದ್ದ. ನಾನು ಪ್ರತೀಕನನ್ನು ಎಳೆದುಕೊಂಡು ಹೋಗಿ ಎದುರು ನಿಂತೆ. ಒಂದಕ್ಷರ ಬಿಡಬಾರದು, ಆವತ್ತು ಹೇಗೆ ಬಿಡದೆ ಹೇಳಿದೆಯೋ ಹಾಗೆ ಹೇಳು ಎಂದು ಅವನಿಗೆ ತಾಕೀತು ಮಾಡಿದೆ.

ಅಕ್ಟೋಬರಿನಲ್ಲಿ ನಾನು ಆಡಿದ್ದೆಲ್ಲ ಸುಳ್ಳು ಎಂದೆ. ನಮ್ಮ ಕಡೆ ಮಗುವಿನ ಮೇಲೆ ಯಾರ ಕಣ್ಣೂ ಬೀಳಬಾರದೆಂದು ಹಾಗೆ ಹೇಳುವುದು ವಾಡಿಕೆ ಎಂದು ವಿವರಿಸಿದೆ. ಆಮೇಲೆ ನಿಜ ಹೇಳಿದೆ.

"ಅವಳು ನನಗಿಂತ ಮೊದಲು ಏಳ್ತಾಳೆ. ಶೆಡ್ಡಿನ ಗೋಡೆಗೆ ಎಡಗಾಲಲ್ಲಿ ನೂರು, ಬಲಗಾಲಲ್ಲಿ ನೂರು ಒದ್ದೇ ಶಾಲೆಗೆ ಹೋಗುವುದು. ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುವವಳೂ ಅವಳೇ. ಇಂಥ ಮಗು ನಮ್ಮ ಮನೆಯಲ್ಲಿ ಇದುವರೆಗೆ ಹುಟ್ಟಿಲ್ಲ. ಬೇಕಾದರೆ ಇದನ್ನೂ ಬರ್ಕೊಳ್ಳಿ."

ಹೊರಗಿನವರ ಮುಂದೆ ಸ್ವಂತ ಮಗುವನ್ನು ಅಷ್ಟು ಹೊಗಳಿದ್ದು ನನ್ನ ಜನ್ಮದಲ್ಲಿ ಮೊದಲು. ಕೈ ತಾನಾಗಿ ಬೆಂಚಿನ ಮರ ಮುಟ್ಟಿತು. ಇಲ್ಲಿಯವರೂ ದೃಷ್ಟಿಗೆ ಮರ ಮುಟ್ಟುತ್ತಾರಂತೆ, ಅವನೂ ಮುಟ್ಟಿದ.

ಕೋಸ್ ನಗಲಿಲ್ಲ. ಕಿಸೆಯಿಂದ ಆ ಪುಸ್ತಕ ತೆಗೆದು, ಹಿಂದೆ ಹಿಂದೆ ಮಗುಚಿ, ಅಕ್ಟೋಬರಿನ ಪುಟ ಪ್ರತೀಕನಿಗೆ ತೋರಿಸಿದ. ನನ್ನ ಮಾತಿನ ಸುದ್ದಿಯೇ ಅದರಲ್ಲಿ ಇಲ್ಲ, ಕಿಟ್ಟಣ್ಣ. ಆವತ್ತು ನನ್ನ ಮಾತು ಕೇಳಿ ಅವನು ಬರೆದದ್ದು ಬೇರೆಯೇ. ಏಳನೇ ನಂಬರು, ಎಡಗಾಲು, ನಾಲ್ಕು ಸಲ ಚೆಂಡು ಕಳೆದುಕೊಂಡಳು, ನಾಲ್ಕು ಸಲವೂ ಗೆರೆಯ ಆಚೆ ನೋಡಲಿಲ್ಲ. ಅಡಿಯಲ್ಲಿ ಒಂದು ಸಾಲು, ಅಜ್ಜಿ ಕೂಗುವುದಿಲ್ಲ.

ಅರ್ಥ ಏನೆಂದು ಪ್ರತೀಕನಿಂದ ಕೇಳಿಸಿದೆ. ನಿಧಾನವಾಗಿ ಹೇಳಿದ. ಮಕ್ಕಳು ಗೋಲು ಹೊಡೆದದ್ದನ್ನು ಎಲ್ಲರೂ ನೋಡುತ್ತಾರೆ. ತಾನು ನೋಡುವುದು ಚೆಂಡು ಕಳೆದುಕೊಂಡ ಮೇಲೆ ಏನು ಮಾಡುತ್ತಾರೆ ಎಂದು. ಹತ್ತರಲ್ಲಿ ಒಂಬತ್ತು ಮಕ್ಕಳು ತಕ್ಷಣ ಅಪ್ಪನ ಮುಖ ನೋಡುತ್ತಾರೆ. ಅಷ್ಟು ಹೊತ್ತಿಗೆ ಚೆಂಡು ದೂರ ಹೋಗಿರುತ್ತದೆ. ನಿಮ್ಮವಳು ಯಾರ ಮುಖವನ್ನೂ ನೋಡುವುದಿಲ್ಲ, ಚೆಂಡಿನ ಹಿಂದೆಯೇ ಹೋಗುತ್ತಾಳೆ. ಅದನ್ನು ಯಾವ ಕೋಚೂ ಕಲಿಸಲು ಆಗುವುದಿಲ್ಲ. ಹುಟ್ಟಿದ್ದು ಡಿಸೆಂಬರಿನಲ್ಲಿ, ಕಾಲು ಉದ್ದ ಆಗಲು ಇನ್ನೂ ಸಮಯ ಉಂಟು, ಕಾಯುವ, ಎಂದ. ಮಳೆಗಾಲದ ಬೀಡಿ! ನೀವಿಬ್ಬರೂ ಒಂದೇ ಮೇಜಿನಲ್ಲಿ ಕೂರಬೇಕಾದವರು.

ನನ್ನ ಮಾತನ್ನು ಯಾಕೆ ಬರೆಯಲಿಲ್ಲ ಎಂದದ್ದಕ್ಕೆ ತನ್ನ ತಾಯಿಯ ಕತೆ ಹೇಳಿದ. ಅವಳು ದನ ಸಾಕಿದವಳಂತೆ. ಕೊಳ್ಳಲು ಬಂದವರ ಮುಂದೆ ತನ್ನ ಅತ್ಯಂತ ಒಳ್ಳೆಯ ದನವನ್ನೇ ಬೈಯುತ್ತಿದ್ದಳಂತೆ, ಮಾರಲು ಮನಸ್ಸಿಲ್ಲದೆ. ನೀವು ಆವತ್ತು ಬೈದ ರೀತಿಗೆ, ಇವಳು ಒಳ್ಳೆಯವಳೇ ಇರಬೇಕು ಎಂದು ಗೊತ್ತಾಯಿತು ಓಮಾ, ಎಂದ. ಓಮಾ ಎಂದರೆ ಇಲ್ಲಿ ಅಜ್ಜಿ.

ಆರು ತಿಂಗಳು ನುಂಗಿದ ಕಲ್ಲು ಕರಗಿತು. ಆದರೆ ಆ ಕಲ್ಲಿದ್ದ ಜಾಗದಲ್ಲಿ ಇನ್ನೊಂದು ಸಣ್ಣದು ಕೂತಿದೆ. ಮಗು ಯಾಕೆ ಗೆರೆಯ ಆಚೆ ನೋಡುವುದಿಲ್ಲ? ಅಲ್ಲಿ ನಿಂತವಳು ನಾನು. ನೋಡಿದರೆ ಏನೂ ಸಿಗುವುದಿಲ್ಲ ಎಂದು ಗೊತ್ತಿರುವುದಕ್ಕೆ. ಇದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯುತ್ತಿಲ್ಲ.

ತಿರುಗಿದರೆ ಸಂಪ್ರೀತಾ ಹಿಂದೆಯೇ ನಿಂತಿದ್ದಾಳೆ. ಒಂದು ಬೂಟು ಕಾಲಲ್ಲಿ, ಒಂದು ಬೂಟು ಕೈಯಲ್ಲಿ. ಎಷ್ಟು ಹೊತ್ತಿನಿಂದ ಎಂದು ನಾನು ಕೇಳಲಿಲ್ಲ. ಅವಳಿಗೆ ಕನ್ನಡ ಎಲ್ಲ ಅರ್ಥ ಆಗುತ್ತದೆ, ಮಾತಾಡುವುದು ಮಾತ್ರ ಹೆಚ್ಚಾಗಿ ಡಚ್ಚು. ಮನೆಗೆ ಬರುವ ದಾರಿಯಲ್ಲಿ ನನ್ನ ಕೈ ಹಿಡಿದಳು. ನಾನು ಕಾಲುಚೀಲ ಹೊರಗೇ ಕೊಡವಿ ಬಾ ಎಂದೆ.

ತೀರ್ಮಾನ ಇನ್ನೂ ಮೇ ತಿಂಗಳಿಗೇ. ಮರಿಟ್ ಮನಸ್ಸು ಬದಲಿಸಿಲ್ಲ.

ವಾರಿಜಾ


ರೈಸ್‌ವೈಕ್
25 ಮೇ 2025

ಕಿಟ್ಟಣ್ಣನವರಿಗೆ,

ಕೂತುಕೊಂಡು ಓದಿ. ಹದಿನಾರನೆಯ ಹೆಸರು ನಮ್ಮವಳದು.

ಬುಧವಾರ ಮೇಲ್ ಬಂತು. ಹರಿಣಾಕ್ಷಿ ಆಫೀಸಿನಿಂದ ಫೋನ್ ಮಾಡಿ ಏನೂ ಹೇಳದೆ ಅತ್ತಳು, ನಾನು ಯಾರೋ ಸತ್ತರೆಂದು ತಿಳಿದೆ. ದಿವಾಕರ ಸಂಜೆ ಬಂದು ಎರಡು ಸಲ ಊಟ ಮಾಡಿದ. ಆಮೇಲೆ ಮರಿಟ್‌ಗೆ ಫೋನ್ ಮಾಡಿ ತನ್ನ ಎತ್ತರ ಮೂರು ಸೆಂಟಿಮೀಟರ್ ಕಡಿಮೆ ಎಂದು ಒಪ್ಪಿಕೊಂಡ. ಪಾಪದ ಮನುಷ್ಯ, ಜನವರಿಯಿಂದ ಹೊತ್ತುಕೊಂಡಿದ್ದ. ಅವಳು ನಕ್ಕಳಂತೆ. ಅಪ್ಪಂದಿರು ಹೇಳುವ ಎತ್ತರದಲ್ಲಿ ನಾವು ಯಾವಾಗಲೂ ಸ್ವಲ್ಪ ಕಳೆದೇ ಬರೆದುಕೊಳ್ಳುವುದು ಎಂದಳಂತೆ.

ಅವಳು ಹೇಗೆ ಒಪ್ಪಿದಳು ಎಂದು ಆಮೇಲೆ ತಿಳಿಯಿತು. ಮೀಟಿಂಗಿನಲ್ಲಿ ಕೋಸ್ ಹೆಚ್ಚು ವಾದ ಮಾಡಲಿಲ್ಲವಂತೆ. ಇಬ್ಬರು ಹುಡುಗಿಯರ ಆಟದ ವೀಡಿಯೊ ಹಾಕಿ, ಚೆಂಡು ಕಳೆದುಕೊಂಡ ಜಾಗದಲ್ಲೆಲ್ಲ ನಿಲ್ಲಿಸಿ, ಮುಂದಿನ ಮೂರು ಸೆಕೆಂಡು ನೋಡಿ ಎಂದನಂತೆ. ಹದಿಮೂರು ಸಲ ನೋಡಿದ ಮೇಲೆ ಮರಿಟ್ ತಾನೇ ಪೆನ್ನು ತೆಗೆದು ನಮ್ಮವಳ ಹೆಸರು ಬರೆದಳಂತೆ. ಸೋತ ಹಾಗೆ ಅಲ್ಲ, ಕಂಡ ಹಾಗೆ. ಆ ಹೆಣ್ಣಿನ ಮೇಲೆ ನನಗಿದ್ದ ಸಿಟ್ಟು ಹೋಯಿತು. ಅವಳಿಗೂ ಗೆಲ್ಲಬೇಕು, ಅವಳ ಹಿಂದೆಯೂ ಒಬ್ಬ ಸೂಪರ್‌ವೈಸರ್ ಕೂತಿರುತ್ತಾನಲ್ಲ.

ಉದ್ದದ ಹುಡುಗಿ ಮನೆಗೆ ಹೋದಳು. ನಿನ್ನೆ ಅವಳ ಕ್ಲಬ್ಬಿನ ಜೊತೆಗೇ ನಮ್ಮ ಮಕ್ಕಳ ಆಟ ಇತ್ತು. ಅವಳ ಅಪ್ಪ ಈ ಸಲ ಚಪ್ಪಾಳೆ ತಟ್ಟಲಿಲ್ಲ, ಕೈ ಕಿಸೆಯಲ್ಲಿ ಇಟ್ಟು ನಿಂತಿದ್ದ. ಆಟಕ್ಕೆ ಮೊದಲು ನಾನು ಪ್ರತೀಕನನ್ನು ಕರೆದುಕೊಂಡು ಆ ಮಗುವಿನ ಹತ್ತಿರ ಹೋದೆ. ನಿನ್ನ ಕಾಲಿನಲ್ಲಿ ದೋಷ ಇಲ್ಲ, ಜಾಗ ಹದಿನಾರೇ ಇದ್ದದ್ದು, ಅಷ್ಟೇ ಎಂದು ಹೇಳಿಸಿದೆ. ಯಾರೋ ಹುಚ್ಚು ಮುದುಕಿ ಎಂದುಕೊಂಡಿರಬಹುದು. ಇರಲಿ. ನನಗೆ ಯಾರೂ ಆ ಮಾತು ಸಮಯಕ್ಕೆ ಹೇಳಿರಲಿಲ್ಲ.

ಇನ್ನು ನಿನ್ನೆಯ ಆಟದ ಸುದ್ದಿ. ಅರ್ಧ ಆಟ ಆಗಿತ್ತು. ಸಂಪ್ರೀತಾ ಎಡಬದಿಯಲ್ಲಿ ಚೆಂಡು ತೆಗೆದುಕೊಂಡು ಬಂದವಳು ನನ್ನ ಎದುರಿಗೇ ಅದನ್ನು ಕಳೆದುಕೊಂಡಳು. ಕಳೆದುಕೊಂಡವಳು ನಿಂತು, ತಿರುಗಿ, ನನ್ನ ಮುಖ ನೋಡಿದಳು.

ಆರು ವರ್ಷದಲ್ಲಿ ಮೊದಲ ಸಲ, ಕಿಟ್ಟಣ್ಣ. ನಾನು ಏನಾದರೂ ಒಳ್ಳೆಯದು ಹೇಳುತ್ತೇನೆ ಎಂದು ಕಾದ ಮುಖ. ಆ ತುದಿಯಲ್ಲಿ ಕೋಸ್ ಪುಸ್ತಕ ಹಿಡಿದು ನಿಂತಿದ್ದಾನೆ. ಮಗು ನನ್ನನ್ನು ನೋಡಿತು ಎಂದು ಖುಷಿ, ಅವನು ಅದನ್ನೇ ಬರೆದುಕೊಳ್ಳುತ್ತಾನೆ ಎಂದು ಹೆದರಿಕೆ. ಏಳು ತಿಂಗಳು ಮೈದಾನದ ಬದಿಯಲ್ಲಿ ಹೊಲಿದುಕೊಂಡಿದ್ದ ತುಟಿ ಬಿಚ್ಚಿದೆ.

"ನನ್ನ ಮುಖದಲ್ಲಿ ಎಂತ ಉಂಟು? ಚೆಂಡು ಅಲ್ಲಿ ಹೋಯ್ತು, ಓಡು."

ಅವಳು ಹಲ್ಲು ತೋರಿಸಿ ನಕ್ಕು ಓಡಿದಳು. ಚೆಂಡು ಕಸಿದುಕೊಂಡೇ ಬಂದಳು. ಕೋಸ್ ಏನೋ ಬರೆದುಕೊಂಡ. ಏನು ಎಂದು ನಾನು ಕೇಳಲು ಹೋಗಲಿಲ್ಲ, ಇನ್ನು ನನಗೆ ಬೇಕಾಗಿಯೂ ಇಲ್ಲ. ಮನೆಗೆ ಬಂದು ಉಪ್ಪು ಮೆಣಸು ನೀವಾಳಿಸಿ ದೃಷ್ಟಿ ತೆಗೆದೆ. ಕೋಸ್ ಮುಂದೆ ಹೊಗಳಿದವಳು ನಾನೇ ಆದ್ದರಿಂದ ನನ್ನ ಹೆಸರನ್ನೂ ಸೇರಿಸಿಕೊಂಡೆ.

ಈಗ ನಿಮ್ಮನ್ನು ಬೈಯುವುದು ಬಾಕಿ. ಪೆನ್ನು ಹಿಡಿದರೆ ಒಂದು ಬೈಗುಳವೂ ಬರುತ್ತಿಲ್ಲ. ಎಲ್ಲ ಮುಗಿದುಹೋಯಿತೋ ಏನೋ. ಆ ಮೇಜನ್ನು ಒಲೆಗೆ ಹಾಕಬೇಡಿ. ಬರುವ ಮಾರ್ಚಿನಲ್ಲಿ ಊರಿಗೆ ಬರುತ್ತೇನೆ, ಅದರ ಆ ಬದಿಯಲ್ಲಿ ನಾನು ಒಮ್ಮೆ ಕೂತು ನೋಡಬೇಕು.

ಇದರೊಳಗೆ ಹುಡುಗಿಯ ಫೋಟೋ ಇಟ್ಟಿದ್ದೇನೆ, ಹೊಸ ಅಂಗಿಯಲ್ಲಿ. ಕನ್ನಡಕ ಹಾಕಿಕೊಂಡೇ ನೋಡಿ. ಆದರೆ ಚೆನ್ನಾಗಿದ್ದಾಳೆ ಎಂದು ಬರೆದು ಕಳುಹಿಸಬೇಡಿ, ಅಷ್ಟು ದೂರದಿಂದಲೂ ತಾಗುತ್ತದೆ. ಎರಡು ದೋಷ ಹುಡುಕಿ ಬರೆಯಿರಿ. ಇಲ್ಲದ ಕಡೆ ಎರಡು ಹುಡುಕುವುದು ನಿಮಗೆ ಅಭ್ಯಾಸ ಉಂಟಲ್ಲ.

ಇಂತಿ, ದೋಷವಿಲ್ಲದ ಬೀಡಿ ಕಟ್ಟುತ್ತಿದ್ದ
ವಾರಿಜಾ